ಶ್ವಾಸಕೋಶದ ಕಾವಲು ಕಣಗಳೂ ಬೂಷ್ಟಿನ ಬೀಜಾಣುಗಳೂ

ಹಿತ್ತಿಲ ಗೊಬ್ಬರದ ಗುಂಡಿಯನ್ನು ಕೆದಕಿದಾಗ ಏಳುವ ಧೂಳಿನಲ್ಲಿ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಎಂಬ ಬೂಷ್ಟಿನ ಬೀಜಾಣುಗಳು ಹೇರಳವಾಗಿರುತ್ತವೆ. ಫ್ಲಾರೆನ್ಸಿನ ಪಾದ್ರಿಯೂ ಸಸ್ಯವಿಜ್ಞಾನಿಯೂ ಆಗಿದ್ದ ಮಿಕೆಲಿಯು ೧೭೨೯ರಲ್ಲಿ, ಇಗರ್ಜಿಯಲ್ಲಿ ತೀರ್ಥ ಪ್ರೋಕ್ಷಿಸುವ ಉಪಕರಣದ ಹೋಲಿಕೆಯನ್ನು ಕಂಡು ಈ ಕುಲಕ್ಕೆ ಹೆಸರಿಟ್ಟನು. ಹೆಸರು ಪಾವನವಾದರೂ ನಡತೆ ಹಾಗಿಲ್ಲ. ಬೀಜಾಣುವಿನ ವ್ಯಾಸ ೨ರಿಂದ ೩ ಮೈಕ್ರಾನ್ ಮಾತ್ರ. ಆದುದರಿಂದ ಅದು ಮೂಗು ಮತ್ತು ಶ್ವಾಸನಾಳಗಳ ತಡೆಗಳನ್ನು ದಾಟಿ ವಾಯುಕೋಶಗಳವರೆಗೂ ಇಳಿಯಬಲ್ಲುದು. ಇಂಥ ನೂರಾರು ಬೀಜಾಣುಗಳನ್ನು ನಾವು ಪ್ರತಿದಿನವೂ ಉಸಿರಿನೊಡನೆ ಸೇವಿಸುತ್ತೇವೆ. ೫೦ ಡಿಗ್ರಿ ಸೆಂಟಿಗ್ರೇಡಿನ ಗೊಬ್ಬರದ ಕಾವಿನಲ್ಲಿಯೂ ಬೆಳೆಯುವ ಈ ಜೀವಿಗೆ ನಮ್ಮ ಮೈಯ ಉಷ್ಣತೆ ಅಡ್ಡಿಯೇ ಅಲ್ಲ. ಹೀಗಿದ್ದೂ ಬಹುಮಂದಿ ರೋಗಕ್ಕೆ ತುತ್ತಾಗದಿರುವುದು ಹೇಗೆ?

ರಕ್ಷಕ ಕಣಗಳ ಕಥೆಯ ಆರಂಭದ ಅಧ್ಯಾಯಗಳಲ್ಲಿಯೂ ಶಿಲೀಂಧ್ರದ ಸೋಂಕು ಇದೆ ಎಂಬುದು ಸ್ವಾರಸ್ಯದ ಸಂಗತಿ. ೧೮೮೪ರಲ್ಲಿ ಮೆಚ್ನಿಕಾಫನು, ಪಾರದರ್ಶಕವಾದ ನೀರುಚಿಗಟದ ದೇಹದೊಳಕ್ಕೆ ಸೂಜಿಯಂಥ ಶಿಲೀಂಧ್ರಬೀಜಗಳು ಚುಚ್ಚಿಕೊಂಡು ಬರುವುದನ್ನೂ, ಅದರ ರಕ್ತಕಣಗಳು ಅವನ್ನು ಮುತ್ತಿ ನುಂಗುವುದನ್ನೂ ವರ್ಣಿಸಿದನು. ನಮ್ಮ ವಾಯುಕೋಶಗಳಲ್ಲಿ ಈ ಕೆಲಸ ಮ್ಯಾಕ್ರೊಫೇಜ್ ಎಂಬ ದೊಡ್ಡ ಭಕ್ಷಕ ಕಣಗಳದು. ಅವು ಅಲ್ಲಿಯೇ ನೆಲಸಿ, ಬಂದುದನ್ನು ನುಂಗಿ ಜೀರ್ಣಿಸುತ್ತವೆ.

ಆದರೆ ಬಂದ ಪ್ರತಿಯೊಂದು ಬೀಜಾಣುವಿಗೂ ಶ್ವಾಸಕೋಶವು ಉರಿಯೂತದಿಂದಲೇ ಉತ್ತರ ಕೊಟ್ಟರೆ ಉಸಿರಾಟವೇ ನಿಂತೀತು. ಹಾಗಾಗದಿರುವುದಕ್ಕೆ ಒಂದು ಕಾರಣ ಬೀಜಾಣುವಿನ ಹೊದಿಕೆಯಲ್ಲಿಯೇ ಇದೆ. ನೀರನ್ನು ಒಲ್ಲದ ಒಂದು ಪ್ರೋಟೀನಿನ ಪದರ ಅದನ್ನು ಮುಚ್ಚಿರುತ್ತದೆ. ಪ್ಯಾರಿಸಿನ ಪಾಸ್ತರ್ ಸಂಸ್ಥೆಯವರೂ ಅವರ ಸಹೋದ್ಯೋಗಿಗಳೂ ೨೦೦೯ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಈ ಪದರವಿದ್ದ ಬೀಜಾಣುಗಳು ರಕ್ಷಕ ಕಣಗಳನ್ನು ಕೆರಳಿಸಲಿಲ್ಲ. ಪದರವನ್ನು ತೆಗೆದೊಡನೆ ಕೆರಳಿಸಿದವು. ಬೀಜಾಣು ನೀರು ಹೀರಿ ಉಬ್ಬಿ ಮೊಳೆಯತೊಡಗಿದಾಗ ಈ ಹೊದಿಕೆ ಹರಿದು, ಗೋಡೆಯಲ್ಲಿರುವ ಬೀಟಾ-ಗ್ಲೂಕನ್ ಎಂಬ ಶರ್ಕರಸರಣಿ ಬಯಲಿಗೆ ಬರುತ್ತದೆ. ಅದನ್ನು ಗುರುತಿಸುವ ಗ್ರಾಹಿಯೇ ಡೆಕ್ಟಿನ್-೧. ಅದರ ಈ ಗುಣ ೨೦೦೧ರಲ್ಲಿ ತಿಳಿದುಬಂದಿತು. ಎಂದರೆ ಶರೀರವು ಶಿಲೀಂಧ್ರದ ಇರವಿಗಿಂತ ಹೆಚ್ಚಾಗಿ ಅದರ ಮೊಳಕೆಗೆ ಕೆರಳುತ್ತದೆ. ಈ ವಿವೇಕ ನಮಗೆ ಬಹು ಮೆಚ್ಚುಗೆಯಾದುದು.

ಮೊಳೆತ ಬೀಜಾಣು ತಂತುವಾಗಿ ನೀಳವಾದರೆ ಒಂದು ಮ್ಯಾಕ್ರೊಫೇಜಿನಿಂದ ಅದನ್ನು ನುಂಗಲಾಗದು. ಆಗ ಅದರ ಕರೆಯನ್ನು ಅನುಸರಿಸಿ ಕೆಲವೇ ಗಂಟೆಗಳಲ್ಲಿ ರಕ್ತದಿಂದ ನ್ಯೂಟ್ರೊಫಿಲ್ ಎಂಬ ಶ್ವೇತಕಣಗಳು ಬರುತ್ತವೆ. ತಂತುವಿಗೆ ಅಂಟಿಕೊಂಡು, ಆಮ್ಲಜನಕದಿಂದ ಹುಟ್ಟಿಸಿದ ಉಗ್ರ ಸಂಯುಕ್ತಗಳಿಂದಲೂ ಕಿಣ್ವಗಳಿಂದಲೂ ಅದನ್ನು ಘಾಸಿಗೊಳಿಸುತ್ತವೆ. ಬೀಜಾಣುವಿಗೆ ಮ್ಯಾಕ್ರೊಫೇಜು, ತಂತುವಿಗೆ ನ್ಯೂಟ್ರೊಫಿಲ್ ಎಂಬ ಈ ವಿಭಾಗವನ್ನು ೧೯೮೨ರಲ್ಲಿ ಷಾಫ್ನರ್, ಡಗ್ಲಸ್ ಮತ್ತು ಬ್ರೌಡಿ ಸ್ಪಷ್ಟವಾಗಿ ತೋರಿಸಿದರು. ಬೀಜಾಣುಗಳನ್ನು ಕೊಲ್ಲುವುದರಲ್ಲಿಯೂ ನ್ಯೂಟ್ರೊಫಿಲ್‌ಗಳಿಗೆ ಪಾಲುಂಟೆಂದು ಅನಂತರ ತಿಳಿದುದರಿಂದ, ಗೆರೆ ಅಷ್ಟೇನೂ ಖಚಿತವಲ್ಲ. ಆದರೂ ರೋಗವನ್ನು ಅರಿಯಲು ಅದು ಇಂದಿಗೂ ಉಪಯುಕ್ತ.

ರಕ್ತಕ್ಯಾನ್ಸರಿನ ಚಿಕಿತ್ಸೆಯಿಂದ ನ್ಯೂಟ್ರೊಫಿಲ್‌ಗಳು ಕ್ಷೀಣಿಸಿದವನಲ್ಲಿ ತಂತುಗಳು ತಡೆಯಿಲ್ಲದೆ ಬೆಳೆದು ರಕ್ತನಾಳಗಳನ್ನು ಹೊಗುತ್ತವೆ. ಕಾರ್ಟಿಸೋನ್ ವರ್ಗದ ಔಷಧಗಳನ್ನು ಬಹುಕಾಲ ಸೇವಿಸಿದವನಲ್ಲಿ ಮ್ಯಾಕ್ರೊಫೇಜುಗಳು ನುಂಗಿದ ಬೀಜಾಣುವನ್ನು ಕೊಲ್ಲಲಾರವು. ನ್ಯೂಟ್ರೊಫಿಲ್‌ಗಳು ಮಾತ್ರ ಗುಂಪುಗುಂಪಾಗಿ ಬಂದು ಸೇರುತ್ತವೆ. ಇಲಿಗಳ ಮೇಲೆ ನಡೆಸಿ ೨೦೦೫ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೊದಲನೆಯ ಬಗೆಯವು ಶಿಲೀಂಧ್ರದ ಹಬ್ಬುವಿಕೆಯಿಂದ ಸತ್ತರೆ, ಎರಡನೆಯ ಬಗೆಯವುಗಳಲ್ಲಿ ಶಿಲೀಂಧ್ರ ಸ್ವಲ್ಪವೇ ಇದ್ದು ಉರಿಯೂತವೇ ಬಲವಾಗಿತ್ತು. ರೋಗದ ಹೆಸರು ಒಂದೇ. ಕೊಲ್ಲುವ ಕೈ ಬೇರೆ. ಶಿಲೀಂಧ್ರನಾಶಕ ಔಷಧವನ್ನು ಕೊಟ್ಟ ಮಾತ್ರಕ್ಕೆ ಚಿಕಿತ್ಸೆ ಮುಗಿಯಿತೆಂದು ಭಾವಿಸಲಾಗದಿರುವುದು ಇದರಿಂದಲೇ.

ಇನ್ನು ಕೆಲವರಿಗೆ, ಆ ಉಗ್ರ ಸಂಯುಕ್ತಗಳನ್ನು ತಯಾರಿಸುವ ಶಕ್ತಿಯೇ ಹುಟ್ಟಿನಿಂದ ಇರುವುದಿಲ್ಲ. ಅವರ ಶ್ವೇತಕಣಗಳು ಬರುತ್ತವೆ, ಮುತ್ತುತ್ತವೆ, ಕೊಲ್ಲಲಾರವು. ಉರಿಯೂತವನ್ನು ಶಮನಗೊಳಿಸಲೂ ಆಗದು. ಇಂಥವರು ಗೊಬ್ಬರದ ಗುಂಡಿಯನ್ನು ಕೆದಕಲೇಬಾರದೆಂದು ವೈದ್ಯರು ಕಟ್ಟಪ್ಪಣೆ ಮಾಡುತ್ತಾರೆ.