ಸೋಲಾರ್ ಡ್ರೈಯರ್: ಒಣಗಿಸುವುದು ಬಿಸಿಲೋ, ಗಾಳಿಯೋ?

ಬಾಳೆಹಣ್ಣಿನಿಂದ ಸುಕೇಳಿ ಮಾಡುವ ಉತ್ತರ ಕನ್ನಡದ ಮನೆಗಳಲ್ಲೂ, ಮಾವಿನ ರಸವನ್ನು ಚಾಪೆಯ ಮೇಲೆ ಪದರ ಪದರವಾಗಿ ಎರೆದು ಮಾಂಬಳ ಒಣಗಿಸುವ ಕರಾವಳಿಯ ಅಂಗಳಗಳಲ್ಲೂ, ಸಂಡಿಗೆ ಮತ್ತು ಮಜ್ಜಿಗೆ ಮೆಣಸಿನಿಂದ ಮಾಳಿಗೆ ತುಂಬಿಹೋಗುವ ಬಯಲುಸೀಮೆಯ ಊರುಗಳಲ್ಲೂ ಒಣಗಿಸುವ ಕೆಲಸದ ಶ್ರೇಯಸ್ಸೆಲ್ಲ ಬಿಸಿಲಿಗೇ ಸಲ್ಲುತ್ತ ಬಂದಿದೆ. ವಾಸ್ತವದಲ್ಲಿ ಬಿಸಿಲು ಮಾಡುವುದು ಅರ್ಧ ಕೆಲಸ ಮಾತ್ರ. ಹೋಳಿನಿಂದ ಹೊರಬಿದ್ದ ಆವಿಯನ್ನು ಅಲ್ಲಿಂದ ಹೊತ್ತೊಯ್ಯುವ ಉಳಿದರ್ಧ ಕೆಲಸ ಗಾಳಿಯದು. ಈ ಎರಡನ್ನೂ ಒಂದು ಪೆಟ್ಟಿಗೆಯೊಳಗೆ ಹೊಂದಿಸುವ ಸರಳ ಯಂತ್ರವೇ ಸೋಲಾರ್ ಡ್ರೈಯರ್. ಮನೆಮಟ್ಟದಲ್ಲಿ ಅದು ಸೋಲುವ ಸಂದರ್ಭಗಳಲ್ಲಿ ಬಹುಪಾಲು ಕಾರಣವಾಗುವುದು ಬಿಸಿಲಿನ ಕೊರತೆಯಲ್ಲ, ಗಾಳಿಯ ಬಗೆಗಿನ ಅಲಕ್ಷ್ಯ.

ಒಣಗಿದ ಪದಾರ್ಥ ಕೆಡದಿರುವುದೇಕೆ ಎಂಬುದನ್ನು ಮೊದಲು ಗಮನಿಸಬೇಕು. ಸುಲಿದ ಬಾಳೆಹಣ್ಣಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ ಇರುತ್ತದೆ. ಟೊಮೆಟೊದಂಥ ತರಕಾರಿಯಲ್ಲಿ ಆ ಪ್ರಮಾಣ ಶೇಕಡಾ 90ನ್ನು ದಾಟುತ್ತದೆ. ಆದರೆ ಬ್ಯಾಕ್ಟೀರಿಯಾ ಮತ್ತು ಬೂಷ್ಟಿಗೆ ಮುಖ್ಯವಾದುದು ಒಟ್ಟು ನೀರಿನ ಪ್ರಮಾಣವಲ್ಲ, ಸಕ್ಕರೆ, ಉಪ್ಪು ಮುಂತಾದವು ಹಿಡಿದಿಟ್ಟುಕೊಂಡದ್ದನ್ನು ಬಿಟ್ಟು ಅವುಗಳ ಬಳಕೆಗೆ ಮುಕ್ತವಾಗಿ ದೊರೆಯುವ ನೀರು. ಈ ಲಭ್ಯತೆಯನ್ನು ಆಹಾರ ವಿಜ್ಞಾನಿಗಳು ‘ಜಲ ಚಟುವಟಿಕೆ’ ಎಂದು ಕರೆದು, ಶುದ್ಧ ನೀರಿಗೆ 1 ಎಂಬ ಬೆಲೆ ಕೊಟ್ಟು ಅಳೆಯುತ್ತಾರೆ. ತಾಜಾ ಹಣ್ಣಿನಲ್ಲಿ ಇದು 0.97ರ ಮೇಲಿರುತ್ತದೆ, 0.90ರ ಕೆಳಗೆ ಹೆಚ್ಚಿನ ಬ್ಯಾಕ್ಟೀರಿಯಾಗಳ ಬೆಳವಣಿಗೆ ನಿಂತರೆ, 0.80ರ ಕೆಳಗೆ ಬಹುತೇಕ ಬೂಷ್ಟುಗಳು ಸೋಲುತ್ತವೆ, 0.60ರ ಕೆಳಗೆ ಯಾವ ಸೂಕ್ಷ್ಮಜೀವಿಯೂ ಬೆಳೆಯಲಾರದು. ಸಕ್ಕರೆ ತುಂಬಿದ ಹಣ್ಣನ್ನು ಶೇಕಡಾ 15ರಿಂದ 20ರಷ್ಟು ತೇವಾಂಶ ಉಳಿಸಿ ಮೆತ್ತಗೇ ಇಡಬಹುದಾದರೂ, ಸಕ್ಕರೆಯ ಆಸರೆಯಿಲ್ಲದ ತರಕಾರಿಯನ್ನು ಮುರಿದರೆ ಚಟ್ಟೆನ್ನುವಷ್ಟು ಒಣಗಿಸಬೇಕಾಗುವುದು ಈ ಕಾರಣಕ್ಕೆ. ಮಜ್ಜಿಗೆ ಮೆಣಸಿಗೆ ಹಾಕುವ ಉಪ್ಪು ರುಚಿಗೆಷ್ಟೋ ಅಷ್ಟೇ ಈ ಕೆಲಸಕ್ಕೂ ಒದಗುತ್ತದೆ.

ಡ್ರೈಯರಿನ ರಚನೆಯಲ್ಲಿ ಗೂಢವಾದುದೇನೂ ಇಲ್ಲ. ಕಪ್ಪು ಬಣ್ಣ ಬಳಿದ ತಗಡು ಬಿಸಿಲನ್ನು ಹೀರಿ ಕಾಯುತ್ತದೆ. ಅದರ ಮೇಲಿನ ಗಾಜು ಸೂರ್ಯನ ಬೆಳಕನ್ನು ಒಳಗೆ ಬಿಟ್ಟು, ಕಾದ ತಗಡು ಹೊರಸೂಸುವ ಅವಕೆಂಪು ಕಿರಣಗಳನ್ನು ತಡೆಯುತ್ತದೆ. ಕೆಳಗಿನ ಕಿಂಡಿಯಿಂದ ನುಗ್ಗಿದ ಗಾಳಿ ಬಿಸಿಯಾಗಿ, ಹಗುರಾಗಿ, ಜಾಲರಿ ತಟ್ಟೆಗಳ ನಡುವೆ ಹಾದು ಮೇಲಿನ ಕಿಂಡಿಯಿಂದ ಹೊರಬೀಳುತ್ತದೆ.

ಬಿಸಿ ಮಾಡುವುದರಿಂದ ಗಾಳಿಗೆ ಆಗುವ ಬದಲಾವಣೆಯೇ ಇಡೀ ಯಂತ್ರದ ತಿರುಳು. 30 ಡಿಗ್ರಿ ಸೆಲ್ಸಿಯಸ್‌ನ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. 50 ಡಿಗ್ರಿಯಲ್ಲಿ ಆ ಮಿತಿ 80 ಗ್ರಾಂ ದಾಟುತ್ತದೆ. ಹೀಗಾಗಿ ಗಾಳಿಯಲ್ಲಿರುವ ಆವಿ ಅದರ ಮಿತಿಯ ಶೇಕಡಾ ಎಷ್ಟು ಎಂಬುದನ್ನು ಹೇಳುವ ‘ಸಾಪೇಕ್ಷ ಆರ್ದ್ರತೆ’ಯು ಕರಾವಳಿಯ ಸೆಕೆಯ ದಿನದಲ್ಲಿ 80 ಇದ್ದರೂ, ಅದೇ ಗಾಳಿ 50 ಡಿಗ್ರಿಗೆ ಕಾಯುತ್ತಲೇ 28ರ ಆಸುಪಾಸಿಗೆ ಇಳಿಯುತ್ತದೆ. ಅದರಲ್ಲಿದ್ದ ನೀರು ಎಲ್ಲಿಗೂ ಹೋಗಿರುವುದಿಲ್ಲ. ಇನ್ನಷ್ಟು ನೀರಿಗೆ ಜಾಗವಾಗಿರುತ್ತದೆ, ಅಷ್ಟೆ. ಅಂಗಳದಲ್ಲಿ ಮೂರು ದಿನವಾದರೂ ಅಂಟಂಟಾಗಿಯೇ ಉಳಿಯುವ ಹೋಳು ಪೆಟ್ಟಿಗೆಯಲ್ಲಿ ಒಣಗುವುದರ ರಹಸ್ಯ ಇದು.

ಇನ್ನು ಗಾಳಿಯ ಪ್ರಮಾಣ. ನೀರು ಆವಿಯಾಗುವಾಗ ಉಷ್ಣತೆಯನ್ನು ಏರಿಸದೆ ಹೀರಿಕೊಳ್ಳುವ ಶಾಖವನ್ನು ಗುಪ್ತೋಷ್ಣ ಎನ್ನುತ್ತಾರೆ. ಡ್ರೈಯರಿನ ಉಷ್ಣತೆಯಲ್ಲಿ ಅದು ಕಿಲೋಗ್ರಾಂಗೆ ಸುಮಾರು 2,400 ಕಿಲೋಜೂಲ್. ಹೋಳುಗಳಿಗೆ ಈ ಶಾಖವನ್ನು ಕೊಡುತ್ತ 50 ಡಿಗ್ರಿಯ ಗಾಳಿ 35ಕ್ಕೆ ತಣಿದರೆ, ಒಂದು ಘನ ಮೀಟರ್ ಗಾಳಿ ಎತ್ತಿಕೊಳ್ಳುವ ನೀರು ಕೇವಲ 7 ಗ್ರಾಂನಷ್ಟು. ಒಂದು ಕಿಲೋ ಸುಲಿದ ಬಾಳೆಹಣ್ಣಿನಿಂದ ಹೊರಹೋಗಬೇಕಾದ ನೀರು 700 ಗ್ರಾಂಗೆ ಹತ್ತಿರ; ಎಂದರೆ ನೂರು ಘನ ಮೀಟರ್‌ನಷ್ಟು, ಮೂರು ನಾಲ್ಕು ಕೋಣೆ ತುಂಬುವಷ್ಟು ಗಾಳಿ ಆ ತಟ್ಟೆಗಳ ನಡುವೆ ಹಾದುಹೋಗಬೇಕು. ಶಾಖ ಸೋರಿಹೋಗುತ್ತದೆಂದು ಮೇಲಿನ ಕಿಂಡಿಯನ್ನು ಮುಚ್ಚಿದವರ ಪೆಟ್ಟಿಗೆಯಲ್ಲಿ ಗಾಜಿನ ಒಳಮೈ ಬೆವರಿ, ಹಣ್ಣು ಒಣಗುವ ಬದಲು ಬೇಯುವುದು ಇದರಿಂದಲೇ. ಡ್ರೈಯರ್ ಕೊಳ್ಳುವಾಗ ಗಾಜಿನ ವಿಸ್ತೀರ್ಣವನ್ನು ಕೇಳುವಷ್ಟೇ ಆಸ್ಥೆಯಿಂದ ಕಿಂಡಿಗಳ ವಿಸ್ತೀರ್ಣವನ್ನೂ ಕೇಳಬೇಕು.

ಹೋಳಿನೊಳಗೆ ನಡೆಯುವುದು ಇನ್ನೂ ಸ್ವಾರಸ್ಯಕರ. ಮೊದಮೊದಲು ಮೇಲ್ಮೈ ಒದ್ದೆಯಾಗಿದ್ದು ನೀರು ಸಲೀಸಾಗಿ ಹಾರಿಹೋಗುತ್ತದೆ. ಆ ಹಂತ ಮುಗಿದ ಮೇಲೆ ಒಳಗಿನ ನೀರು ಜೀವಕೋಶಗಳ ನಡುವೆ ಮೆಲ್ಲನೆ ಜರುಗುತ್ತ, ಅಂದರೆ ವಿಸರಣೆಯ ಮೂಲಕ, ಮೇಲಕ್ಕೆ ಬರಬೇಕು. ಈ ಎರಡನೆಯ ಹಂತಕ್ಕೆ ಹಿಡಿಯುವ ಕಾಲ ಸ್ಥೂಲವಾಗಿ ಹೋಳಿನ ದಪ್ಪದ ವರ್ಗಕ್ಕೆ ಅನುಗುಣವಾಗಿರುವುದರಿಂದ, 10 ಮಿಲಿಮೀಟರಿನ ಹೋಳನ್ನು 5 ಮಿಲಿಮೀಟರಿಗೆ ಇಳಿಸಿದರೆ ಅದು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಶುರುವಿನಲ್ಲೇ ವಿಪರೀತ ಬಿಸಿಗೆ ಒಡ್ಡಿದರೆ ಮೇಲ್ಪದರ ಗಟ್ಟಿಯಾಗಿ ಒಳಗಿನ ನೀರಿಗೆ ದಾರಿ ಮುಚ್ಚಿಹೋಗುತ್ತದೆ. ಹೊರಗೆ ಗರಿಗರಿಯಾಗಿ ಕಂಡ ಅಂಥ ಹೋಳು ಡಬ್ಬಿಯಲ್ಲಿ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಹಣ್ಣನ್ನು 50 ಡಿಗ್ರಿಯ ಸುತ್ತ ಆರಂಭಿಸಿ, ಮುಂದೆ 60ರವರೆಗೆ ಏರಿಸುವುದು ಕ್ಷೇಮ.

ಬೆಳಕಿನ ವಿಷಯದಲ್ಲೂ ಎಚ್ಚರ ಬೇಕು: ಸೊಪ್ಪಿನ ಹಸಿರು, ಕ್ಯಾರೆಟ್ಟಿನ ಕೇಸರಿ ಬಣ್ಣದ ಕೆರೋಟಿನ್‌ಗಳು ನೇರ ಬಿಸಿಲಿಗೆ ನಾಶವಾಗುವುದರಿಂದ, ಗಾಳಿಯನ್ನು ಬೇರೆಡೆ ಕಾಯಿಸಿ ಕತ್ತಲ ಕೋಣೆಗೆ ಹಾಯಿಸುವ ಪರೋಕ್ಷ ಮಾದರಿಯ ಡ್ರೈಯರ್ ಅವಕ್ಕೆ ಒಪ್ಪುತ್ತದೆ. ಸಿ ಜೀವಸತ್ವದ ನಷ್ಟವನ್ನು ಮಾತ್ರ ಯಾವ ಮಾದರಿಯೂ ಪೂರ್ತಿಯಾಗಿ ತಪ್ಪಿಸಲಾರದು.

2021ರಲ್ಲಿ ಬಾಳೆಗೆ ಬೆಲೆಯಿಲ್ಲದಾದಾಗ ಪುತ್ತೂರಿನ ‘ಅಡಿಕೆ ಪತ್ರಿಕೆ’ಯು ಹಬ್ಬಿಸಿದ ‘ಬಾಕಾಹು’, ಅಂದರೆ ಬಾಳೆಕಾಯಿ ಹುಡಿಯ ಆಂದೋಲನವು ಒಣಗಿಸುವ ಕಲೆಯನ್ನು ಅನೇಕ ಕೃಷಿಕರ ಮನೆಗಳಿಗೆ ಮರಳಿ ತಂದಿತು. ಮಲೆನಾಡಿನ ತೊಡಕು ಬೇರೆಯದು: ಹಲಸು ರಾಶಿಬೀಳುವ ಹೊತ್ತಿಗೇ ಮಳೆ ಹಿಡಿದಿರುತ್ತದೆ. ಅಲ್ಲಿ ಸೌದೆಯ ಅಥವಾ ವಿದ್ಯುತ್ತಿನ ಶಾಖವನ್ನೂ ಜೋಡಿಸಿಕೊಂಡ ಮಿಶ್ರ ಮಾದರಿಗಳೇ ಗತಿ, ಮತ್ತು ಅವುಗಳಲ್ಲಿಯೂ ಗಾಳಿ ಆಡಿಸುವ ಫ್ಯಾನು ಹೀಟರಿನಷ್ಟೇ ಮುಖ್ಯ.

ತಟ್ಟೆಯಿಂದ ತೆಗೆದ ಮಾತ್ರಕ್ಕೆ ಹಣ್ಣಿನ ಕೆಲಸ ಮುಗಿಯುವುದಿಲ್ಲ. ಒಂದೇ ಸಲ ಒಣಗಿದ ಹೋಳುಗಳಲ್ಲೂ ತೇವಾಂಶ ಹೆಚ್ಚುಕಡಿಮೆ ಇರುವುದರಿಂದ, ಆರಿದ ಮೇಲೆ ಗಾಜಿನ ಭರಣಿಯ ಮೂರನೆಯ ಎರಡು ಪಾಲು ಮಾತ್ರ ತುಂಬಿ, ಮುಚ್ಚಿ, ವಾರದವರೆಗೆ ದಿನವೂ ಕುಲುಕುತ್ತಿದ್ದರೆ ತೇವ ಎಲ್ಲ ಹೋಳುಗಳಿಗೂ ಸಮನಾಗಿ ಹಂಚಿಕೊಳ್ಳುತ್ತದೆ. ಈ ಅವಧಿಯಲ್ಲಿ ಭರಣಿಯ ಒಳಮೈಯಲ್ಲಿ ಹನಿ ಕಾಣಿಸಿಕೊಂಡರೆ ಹೋಳುಗಳನ್ನು ಮತ್ತೆ ಡ್ರೈಯರಿಗೆ ಹಾಕಬೇಕು. ಬೂಷ್ಟು ಕಂಡರೆ ಅದನ್ನಷ್ಟೇ ಆರಿಸಿ ತೆಗೆದರೆ ಸಾಲದು, ಆ ಭರಣಿಯ ಹಣ್ಣನ್ನೆಲ್ಲ ಎಸೆಯಬೇಕು.