ಚಪ್ಪಾಳೆಯ ನಡುವೆ ಬಂದ ಸಾಮ್ರಾಜ್ಯ

ಅಬ್ಬಿಗೇರಿಯ ನಮ್ಮ ಮನೆಯಲ್ಲಿ ಅಕ್ಕನ ಮಗನೊಡನೆ ಕುಳಿತು ‘ಸ್ಟಾರ್ ವಾರ್ಸ್’ ಸರಣಿಯ ಚಿತ್ರಗಳನ್ನು ನೋಡಿದೆ. ಬೆಳಕಿನ ಖಡ್ಗಗಳ ಕಾಳಗ ಅವನಿಗೆ ಹಿಡಿಸಿತು; ನನ್ನನ್ನು ಕಾಡಿದ್ದು ಒಂದು ಸಭೆ.

2002ರ ಚಿತ್ರದಲ್ಲಿ ಗಣರಾಜ್ಯದ ಸಭೆಯು ಯುದ್ಧಭೀತಿಯಿಂದ ತನ್ನ ಮುಖ್ಯಸ್ಥ ಪಾಲ್ಪಟೀನನಿಗೆ ತುರ್ತು ಅಧಿಕಾರ ನೀಡುತ್ತದೆ. 2005ರ ಚಿತ್ರದಲ್ಲಿ ಅವನು ಸಾಮ್ರಾಜ್ಯವನ್ನು ಘೋಷಿಸಿದಾಗ ಅದೇ ಸಭೆ ಚಪ್ಪಾಳೆ ತಟ್ಟುತ್ತದೆ. ಇದು ಕಟ್ಟುಕಥೆಯಷ್ಟೇ ಅಲ್ಲ. 1933ರಲ್ಲಿ ಜರ್ಮನಿಯ ಸಂಸತ್ತು ಹಿಟ್ಲರನ ಸರ್ಕಾರಕ್ಕೆ ಶಾಸನಾಧಿಕಾರ ಒಪ್ಪಿಸಿದ್ದು ಮತದ ಮೂಲಕವೇ. ನಮ್ಮಲ್ಲಿ 1975ರ ಜೂನ್ 25ರಂದು ಘೋಷಿತವಾದ ತುರ್ತು ಪರಿಸ್ಥಿತಿಗೂ ಸಂಸತ್ತಿನ ಅನುಮೋದನೆ ದೊರೆತಿತ್ತು. ಆಗ ವಿರೋಧ ಪಕ್ಷಗಳ ಹಲವು ನಾಯಕರು ಸೆರೆಮನೆಯಲ್ಲಿದ್ದರು. 1977ರ ಮಾರ್ಚ್‌ನಲ್ಲಿ ಅದನ್ನು ಕೊನೆಗಾಣಿಸಿದ್ದು ಖಡ್ಗವಲ್ಲ, ಮತಪೆಟ್ಟಿಗೆ. ಸರಣಿಯ ಮೊದಲ ಚಿತ್ರ ಅಮೆರಿಕದಲ್ಲಿ ತೆರೆಕಂಡದ್ದು ಅದೇ ವರ್ಷದ ಮೇ ತಿಂಗಳಲ್ಲಿ.

ಧರ್ಮದ ಎಳೆಯೂ ಇಲ್ಲಿದೆ. ಜೆಡೈ ಯೋಧರು ವಿರಕ್ತರಂತೆ ಮೋಹ ತೊರೆದವರು, ಸರ್ವವ್ಯಾಪಿ ಶಕ್ತಿಯೊಂದನ್ನು ನಂಬಿದವರು. ಆದರೂ ಅಧಿಕಾರದ ಸೇನಾಪತಿಗಳಾದರು. ಪಕ್ಕದಲ್ಲೇ ಇದ್ದ ಕೇಡನ್ನು ಕಾಣದೆ ಹೋದರು. ಗದುಗಿನ ಭಾರತ ಹುಟ್ಟಿದ ಸೀಮೆಯವರಾದ ನಮಗೆ ಇದು ಅಪರಿಚಿತವಲ್ಲ. ದ್ಯೂತಸಭೆಯಲ್ಲಿ ಭೀಷ್ಮ, ದ್ರೋಣರಿಗೆ ಧರ್ಮ ತಿಳಿಯದಿರಲಿಲ್ಲ. ಅನ್ನದ ಋಣ ಅವರ ಬಾಯಿ ಕಟ್ಟಿತ್ತು. ಅಲ್ಲಿ ಮೌನ, ಇಲ್ಲಿ ಚಪ್ಪಾಳೆ, ಫಲ ಒಂದೇ.

ಚಿತ್ರ ಮುಗಿದಾಗ ಹುಡುಗ ಕೇಳಿದ: ‘ಮಾಮಾ, ಅಷ್ಟ್ ಮಂದಿ ಕುಂತಿದ್ರಲ್ಲ, ಒಬ್ಬರರ ಯಾಕ ಎದ್ದು ಬ್ಯಾಡ ಅನ್ನಲಿಲ್ಲ?’

ದ್ರೌಪದಿಯೂ ಸಭೆಯನ್ನು ಕೇಳಿದ್ದು ಹೆಚ್ಚುಕಡಿಮೆ ಅದನ್ನೇ. ನಾನು ಉತ್ತರಕ್ಕಾಗಿ ತಡವರಿಸಿದೆ.