ಸಿಲಿಂಡರಿನ ಮುಳ್ಳು, ಫ್ಲೋಮೀಟರಿನ ಗುಂಡು

2021ರ ಬೇಸಿಗೆಯಲ್ಲಿ ಆಕ್ಸಿಜನ್ ಸಿಲಿಂಡರ್ ಆಸ್ಪತ್ರೆ ದಾಟಿ ಎಷ್ಟೋ ಮನೆಗಳ ಮಂಚದ ಪಕ್ಕಕ್ಕೆ ಬಂತು. ಎಷ್ಟು ಹರಿಯುತ್ತಿದೆ, ಎಷ್ಟು ಹೊತ್ತು ಬರುತ್ತದೆ ಎಂಬ ಆತಂಕವೂ ಜೊತೆಗೇ ಬಂತು. ಇಂದಿಗೂ ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರು ಇಲ್ಲಿಯೇ ಎಡವುತ್ತಾರೆ.

ತಪ್ಪು ಕಲ್ಪನೆ: ಗೇಜಿನ ಮುಳ್ಳು ಇಳಿದಂತೆಲ್ಲ ರೋಗಿಗೆ ಸಿಗುವ ಆಕ್ಸಿಜನ್ ಕಡಿಮೆಯಾಗುತ್ತದೆ.

ವಾಸ್ತವ: ಆ ಮುಳ್ಳು ಹೇಳುವುದು ಒಳಗೆ ಉಳಿದಿರುವ ದಾಸ್ತಾನನ್ನು. ಒಳಗೆ 150 ಬಾರ್ ಇರಲಿ, 50 ಇರಲಿ, ರೆಗ್ಯುಲೇಟರ್ ಹೊರಬಿಡುವುದು ಸುಮಾರು 4 ಬಾರ್. ಹರಿವು ತಿಳಿಯುವುದು ಫ್ಲೋಮೀಟರಿನ ಗುಂಡಿನಿಂದ. ಗುಂಡಿನ ನಡುಭಾಗ ಯಾವ ಗೆರೆಗಿದೆಯೋ ನಿಮಿಷಕ್ಕೆ ಅಷ್ಟು ಲೀಟರ್. ಗುಂಡಿರುವ ಕೊಳವೆ ವಾಲಿದ್ದರೆ ಆ ಲೆಕ್ಕ ಸುಳ್ಳು.

ತಪ್ಪು ಕಲ್ಪನೆ: ಸಿಲಿಂಡರ್ ಯಾವಾಗ ಮುಗಿಯುತ್ತದೆಂದು ಹೇಳಲಾಗದು.

ವಾಸ್ತವ: ಒಂದು ಗುಣಾಕಾರ, ಒಂದು ಭಾಗಾಕಾರ ಸಾಕು. ಬಿ ಟೈಪ್ ಸಿಲಿಂಡರಿನಲ್ಲಿ ನೀರು ತುಂಬಿದರೆ 10 ಲೀಟರ್ ಹಿಡಿಯುತ್ತದೆ. 150 ಬಾರ್ ಒತ್ತಡದಲ್ಲಿ ಅದರೊಳಗೆ ಸುಮಾರು 1500 ಲೀಟರ್ ಆಕ್ಸಿಜನ್. ನಿಮಿಷಕ್ಕೆ 5 ಲೀಟರಿನಂತೆ ಐದು ಗಂಟೆ. ಮುಳ್ಳು 60ಕ್ಕೆ ಇಳಿದಾಗ ಉಳಿದದ್ದು ಎರಡು ಗಂಟೆ. ನಾನಾದರೆ ಕೊನೆಯ 20 ಬಾರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆಗ ಕೈಯಲ್ಲಿರುವುದು 80 ನಿಮಿಷ, ಬದಲಿ ಸಿಲಿಂಡರ್ ತರಲು ಹೊರಡಲೇಬೇಕಾದ ಹೊತ್ತು. ಗೇಜಿನಲ್ಲಿ ಪಿಎಸ್‌ಐ ಅಂಕಿಗಳಿದ್ದರೆ 14.5ರಿಂದ ಭಾಗಿಸಿ.

ತಪ್ಪು ಕಲ್ಪನೆ: ಹೆಚ್ಚು ತಿರುಗಿಸಿದಷ್ಟೂ ಒಳ್ಳೆಯದು.

ವಾಸ್ತವ: ಎಷ್ಟು ಲೀಟರ್ ಎಂಬುದು ವೈದ್ಯರ ತೀರ್ಮಾನ. ಹರಿವು ಇಮ್ಮಡಿಯಾದರೆ ಸಿಲಿಂಡರ್ ಬರುವ ಹೊತ್ತು ಅರ್ಧವಾಗುತ್ತದೆ.

ತಪ್ಪು ಕಲ್ಪನೆ: ಪೈಪ್ ಉದ್ದವಾದರೆ ಹರಿವು ತೀರಾ ಕುಗ್ಗುತ್ತದೆ.

ವಾಸ್ತವ: 4 ಬಾರ್ ಒತ್ತಡದ ಅನಿಲ ಫ್ಲೋಮೀಟರಿನ ಕಿರಿದಾದ ಕಂಡಿಯಲ್ಲಿ ನುಗ್ಗುವಾಗ ಶಬ್ದದ ವೇಗ ಮುಟ್ಟಿಬಿಡುತ್ತದೆ. ಆಮೇಲೆ ಮುಂದಿನ ಪೈಪಿನ ಸಣ್ಣಪುಟ್ಟ ತಡೆ ಹಿಂದಕ್ಕೆ ತಟ್ಟುವುದಿಲ್ಲ. ಹಾಗಾಗಿ ನಾಲ್ಕಾರು ಮೀಟರ್ ಹೆಚ್ಚಾದರೆ ಹೆದರಬೇಕಿಲ್ಲ. ಹೆದರಬೇಕಾದದ್ದು ಮಂಚದ ಕಾಲಡಿ ಸಿಕ್ಕಿ ಮಡಚಿದ ಪೈಪಿಗೆ. ಗುಂಡಿನ ಫ್ಲೋಮೀಟರ್ ಆದರೆ ಪೈಪ್ ಕಟ್ಟಿದಾಗ ಗುಂಡು ಕೆಳಗಿಳಿದು ಎಚ್ಚರಿಸುತ್ತದೆ. ಆದರೆ ಲೀಟರನ್ನು ಗಡಿಯಾರದಂಥ ಡಯಲ್‌ನಲ್ಲಿ ತೋರಿಸುವ ಬಗೆಯೊಂದಿದೆ. ಅದು ಅಳೆಯುವುದು ಕಂಡಿಯ ಹಿಂದಿನ ಒತ್ತಡವನ್ನೇ. ಅದನ್ನು ಲೀಟರ್ ಎಂದು ಬರೆದಿರುತ್ತಾರೆ, ಅಷ್ಟೆ. ಪೈಪ್ ಪೂರ್ತಿ ಕಟ್ಟಿದ್ದರೂ ಮುಳ್ಳು 5ರಲ್ಲೇ ನಿಂತಿರುತ್ತದೆ. ಅನುಮಾನ ಬಂದ ಕೂಡಲೇ ಪೈಪಿನ ತುದಿಯನ್ನು ಒಂದು ಲೋಟ ನೀರಿನಲ್ಲಿ ಅದ್ದಿ ನೋಡಿ: ಗುಳ್ಳೆ ಏಳುತ್ತಿದ್ದರೆ ಹರಿಯುತ್ತಿದೆ. ತುದಿಯನ್ನು ಒರೆಸಿ ಮತ್ತೆ ಹಾಕಿ.